ವಾಂತಿ ಬರುವುದಿಲ್ಲವೆಂದಿದ್ದ ಇಂಜೆಕ್ಷನ್ ಆದಮೇಲೂ ವಾಂತಿ: ಏಳು ವರ್ಷದ ಮಗಳಿಗೆ ಏನು ಮಾಡಲಿ?

ಪ್ರಶ್ನೆ: ಚಿತ್ರದುರ್ಗ ಕಡೆಯ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಏಳು ವರ್ಷ. ಅವಳಿಗೆ ರಕ್ತದ ಕ್ಯಾನ್ಸರ್, ವೈದ್ಯರು ಹೇಳುವಂತೆ ಎಎಲ್‌ಎಲ್, ಇದೆಯೆಂದು ಗೊತ್ತಾಗಿ ಎರಡೂವರೆ ತಿಂಗಳಾಯಿತು. ನಮ್ಮದು ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿ. ಚಿಕಿತ್ಸೆಗಾಗಿ ಬೆಂಗಳೂರಿನಲ್ಲಿ ಆಸ್ಪತ್ರೆಯ ಹತ್ತಿರವೇ ಒಂದು ಕೋಣೆ ಬಾಡಿಗೆಗೆ ಹಿಡಿದು ನಾನೂ ನಮ್ಮ ಅತ್ತೆಯವರೂ ಮಗುವಿನ ಜೊತೆಗಿದ್ದೇವೆ. ಯಜಮಾನರು ಅಡಿಕೆ ತೋಟ ನೋಡಿಕೊಂಡು ವಾರಕ್ಕೊಮ್ಮೆ ಬಂದು ಹೋಗುತ್ತಾರೆ.

ಮೊದಲ ತಿಂಗಳ ಚಿಕಿತ್ಸೆಯಲ್ಲಿ ವಾಂತಿಯ ತೊಂದರೆ ಅಷ್ಟಾಗಿ ಇರಲಿಲ್ಲ. ಸ್ಟೀರಾಯ್ಡ್ ಮಾತ್ರೆಯಿಂದಾಗಿ ಅವಳು ರಾತ್ರಿ ಎರಡು ಗಂಟೆಗೂ ಎದ್ದು ಚಿತ್ರಾನ್ನ ಕೇಳುತ್ತಿದ್ದಳು. ಎರಡನೆಯ ಹಂತದಲ್ಲಿ ಸೈಕ್ಲೋಫಾಸ್ಫಮೈಡ್ ಡ್ರಿಪ್ ಮತ್ತು ಸೈಟರಬಿನ್ ಇಂಜೆಕ್ಷನ್ ಶುರುವಾದ ಮೇಲೆ ದಿನಕ್ಕೆ ಐದಾರು ಸಲ ವಾಂತಿಯಾಯಿತು. ವೈದ್ಯರಿಗೆ ಹೇಳಿದ ಮೇಲೆ ಅವರು ಒಂಡಾನ್ಸೆಟ್ರಾನ್ ಮಾತ್ರೆಯನ್ನು ಎಂಟು ಗಂಟೆಗೊಮ್ಮೆ ಕೊಡುವಂತೆ ಬರೆದುಕೊಟ್ಟರು, ಅದರಿಂದ ಹತೋಟಿಗೂ ಬಂತು. ಮೂರನೆಯ ವಾರ ವಿನ್‌ಕ್ರಿಸ್ಟಿನ್ ಮತ್ತು ಆಸ್ಪರಾಜಿನೇಸ್, ನಾಲ್ಕನೆಯ ವಾರ ಬರೀ ವಿನ್‌ಕ್ರಿಸ್ಟಿನ್ ಆಯಿತು. ಈ ಇಂಜೆಕ್ಷನ್‌ಗೆ ವಾಂತಿ ಬರುವುದು ಬಹಳ ಕಡಿಮೆ ಎಂದು ವೈದ್ಯರೇ ಹೇಳಿದ್ದರು. ಆದರೂ ಮುಂಜಾಗ್ರತೆಗಿರಲಿ ಎಂದು ನಾನು ಒಂಡಾನ್ಸೆಟ್ರಾನ್ ನಿಲ್ಲಿಸದೆ ದಿನಕ್ಕೆ ಮೂರು ಸಲ ಕೊಡುತ್ತಲೇ ಬಂದಿದ್ದೇನೆ.

ಕೊನೆಯ ಇಂಜೆಕ್ಷನ್ ಆಗಿ ಇಂದಿಗೆ ಮೂರು ದಿನ. ನಿನ್ನೆಯಿಂದ ಏನು ತಿಂದರೂ ಅರ್ಧ ಗಂಟೆಯಲ್ಲಿ ವಾಂತಿ ಮಾಡುತ್ತಿದ್ದಾಳೆ. ಹೊಟ್ಟೆ ನೋವು ಎನ್ನುತ್ತಾಳೆ, ಆದರೆ ಮಾತ್ರೆ ನುಂಗುವ ಹೊತ್ತಿಗೆ ಅವಳು ಯಾವಾಗಲೂ ಹಾಗೆಯೇ ಹೇಳುತ್ತಾಳೆ. ರಾತ್ರಿ ಕೊಡುವ 6 ಎಂಪಿ ಎಂಬ ಕ್ಯಾನ್ಸರ್ ಮಾತ್ರೆ ನಿನ್ನೆ ಪೂರ್ತಿ ಹೊರಗೆ ಬಂತು, ಮತ್ತೆ ಕೊಡಬೇಕೋ ಬೇಡವೋ ತಿಳಿಯಲಿಲ್ಲ. ಇದಲ್ಲದೆ, ಆಟೋ ಆಸ್ಪತ್ರೆಯ ಗೇಟಿನ ಬಳಿ ತಿರುಗುತ್ತಿದ್ದಂತೆಯೇ, ಇನ್ನೂ ಒಂದು ಹನಿ ಔಷಧವೂ ಮೈಗೆ ಹೋಗುವ ಮುಂಚೆಯೇ, ಓಕರಿಸಲು ಶುರು ಮಾಡುತ್ತಾಳೆ. ಅತ್ತೆಯವರು ಶುಂಠಿ ರಸ ಜೇನುತುಪ್ಪದಲ್ಲಿ ಕೊಡೋಣ ಎನ್ನುತ್ತಾರೆ. ಮೂಲೆಯ ಮೆಡಿಕಲ್ ಶಾಪಿನವರು ಬೇರೊಂದು ವಾಂತಿ ಸಿರಪ್ ತೆಗೆದಿಟ್ಟಿದ್ದಾರೆ. ನಮ್ಮ ವೈದ್ಯರನ್ನು ಕಾಣುವ ದಿನ ಸೋಮವಾರ, ಇಂದು ಶುಕ್ರವಾರ. ಅಲ್ಲಿಯವರೆಗೆ ಮನೆಯಲ್ಲಿ ಏನು ಮಾಡಬಹುದು, ಏನು ತಿನ್ನಿಸಬಹುದು ಎಂದು ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಮಕ್ಕಳ ಕ್ಯಾನ್ಸರ್ ವಾರ್ಡಿನ ನರ್ಸ್, ಮಂಗಳೂರು

ಅಮ್ಮಾ, ಊಟ ಮತ್ತು ಶುಂಠಿಯ ಮಾತು ಆಮೇಲೆ ಆಡೋಣ. ಮೊದಲು ಒಂದು ಪ್ರಶ್ನೆ: ಮಗು ಕೊನೆಯ ಸಲ ಮಲವಿಸರ್ಜನೆ ಮಾಡಿದ್ದು ಯಾವಾಗ? ನಿಮ್ಮ ಬರಹದಲ್ಲಿ ವಾಂತಿಯ ಲೆಕ್ಕವಿದೆ, ಮಾತ್ರೆಯ ಲೆಕ್ಕವಿದೆ, ಇದೊಂದೇ ಇಲ್ಲ.

ಕೇಳುವುದಕ್ಕೆ ಕಾರಣವಿದೆ. ವಿನ್‌ಕ್ರಿಸ್ಟಿನ್ ವಾಂತಿ ಕೇಂದ್ರವನ್ನು ಕೆಣಕುವುದು ಕಡಿಮೆ ಎಂದು ನಿಮ್ಮ ವೈದ್ಯರು ಹೇಳಿದ್ದು ಸರಿ. ಆದರೆ ಅದು ನರಗಳ ಮೇಲೆ ಕೆಲಸ ಮಾಡುವ ಔಷಧವಾದ್ದರಿಂದ ಕರುಳನ್ನು ಚಲಿಸುವಂತೆ ಮಾಡುವ ನರಗಳೂ ಮಂಕಾಗುತ್ತವೆ, ಕೆಲವು ಮಕ್ಕಳಲ್ಲಿ ಕರುಳು ಬಹುಪಾಲು ನಿಂತೇ ಹೋಗುತ್ತದೆ. ಅದರ ಜೊತೆಗೆ ಒಂಡಾನ್ಸೆಟ್ರಾನ್‌ನ ಬಹಳ ಸಾಮಾನ್ಯವಾದ ಅಡ್ಡಪರಿಣಾಮವೂ ಮಲಬದ್ಧತೆಯೇ. ವಾಂತಿ ತಡೆಯಲೆಂದು ನೀವು ದಿನಕ್ಕೆ ಮೂರು ಸಲ ಕೊಡುತ್ತಿರುವ ಮಾತ್ರೆ, ಮೊದಲೇ ನಿಧಾನವಾಗಿರುವ ಕರುಳನ್ನು ಇನ್ನಷ್ಟು ಕಟ್ಟಿಹಾಕಿರಬಹುದು. ಕೆಳಗೆ ದಾರಿ ಕಟ್ಟಿದಾಗ ಮೇಲಿನಿಂದ ಬರುತ್ತದೆ. ಅದನ್ನು ಕಂಡು ನಾವು ಇನ್ನೂ ಒಂದು ಮಾತ್ರೆ ಕೊಡುತ್ತೇವೆ. ವಾರ್ಡಿನಲ್ಲಿ ಇದನ್ನು ನಾನು ಎಷ್ಟು ಸಲ ನೋಡಿದ್ದೇನೆಂದರೆ, ವಿನ್‌ಕ್ರಿಸ್ಟಿನ್ ವಾರದಲ್ಲಿ ವಾಂತಿ ಎಂದು ಯಾರಾದರೂ ಫೋನು ಮಾಡಿದರೆ ನನ್ನ ಬಾಯಿಂದ ಬರುವ ಮೊದಲ ಪ್ರಶ್ನೆಯೇ ಇದು.

ಎರಡನೆಯ ಕಾರಣ ಇದಕ್ಕಿಂತ ಗಂಭೀರವಾದದ್ದು. ಆಸ್ಪರಾಜಿನೇಸ್ ಪಡೆದ ಮಕ್ಕಳಲ್ಲಿ ಕೆಲವರಿಗೆ ಮೇದೋಜೀರಕ ಗ್ರಂಥಿಯ ಉರಿಯೂತ ಬರುತ್ತದೆ. ಅದು ಇಂಜೆಕ್ಷನ್ ಆದ ದಿನವೇ ಬರಬೇಕೆಂದಿಲ್ಲ, ಒಂದೆರಡು ವಾರ ಕಳೆದ ಮೇಲೂ ಬರಬಹುದು. ಹೊಟ್ಟೆಯ ಮೇಲ್ಭಾಗದಲ್ಲಿ ಬಿಡದೆ ಕಾಡುವ ನೋವು, ಕೆಲವೊಮ್ಮೆ ಬೆನ್ನಿಗೂ ಹರಡುವ ನೋವು, ಜೊತೆಗೆ ವಾಂತಿ, ಇವು ಅದರ ಲಕ್ಷಣ. ಮನೆಯಲ್ಲಿ ಹೊಟ್ಟೆ ಮುಟ್ಟಿ ನೋಡಿ ಇದನ್ನು ಇಲ್ಲವೆಂದು ಹೇಳಲು ನಿಮ್ಮಿಂದಲೂ ಆಗದು, ನನ್ನಿಂದಲೂ ಆಗದು. ರಕ್ತ ಪರೀಕ್ಷೆ ಬೇಕು.

ಆದ್ದರಿಂದ ಸೋಮವಾರದವರೆಗೆ ಕಾಯಬೇಡಿ. ನಿಮ್ಮ ಚಿಕಿತ್ಸಾ ಪುಸ್ತಕದ ಮೇಲೆ ವಾರ್ಡಿನ ದೂರವಾಣಿ ಸಂಖ್ಯೆ ಇರುತ್ತದೆ, ಈಗಲೇ ಕರೆ ಮಾಡಿ. ಯಾರೂ ಎತ್ತದಿದ್ದರೆ ನೇರವಾಗಿ ತುರ್ತು ವಿಭಾಗಕ್ಕೆ ಹೋಗಿ, ಪುಸ್ತಕ ಜೊತೆಗಿರಲಿ. ಹೇಳುವಾಗ ಬರೀ ವಾಂತಿ ಎನ್ನದೆ, ಯಾವ ಔಷಧ ಯಾವ ದಿನ ಆಯಿತು, ನಿನ್ನೆಯಿಂದ ಎಷ್ಟು ಸಲ ವಾಂತಿ, ಬಣ್ಣ ಯಾವುದು, ಕೊನೆಯ ಸಲ ಮೂತ್ರ ಮಾಡಿದ್ದು ಎಷ್ಟು ಹೊತ್ತಿಗೆ, ಮಲವಾಗಿ ಎಷ್ಟು ದಿನ, ಹೊಟ್ಟೆ ನೋವು ಎಲ್ಲಿ, ಇಷ್ಟನ್ನೂ ಹೇಳಿ. ವಾಂತಿ ಹಸಿರು ಬಣ್ಣಕ್ಕೆ ತಿರುಗಿದರೆ, ರಕ್ತ ಅಥವಾ ಕಾಫಿ ಪುಡಿಯಂಥದ್ದು ಕಂಡರೆ, ಹೊಟ್ಟೆ ಉಬ್ಬಿ ಗಟ್ಟಿಯಾದರೆ, ಎಂಟು ಗಂಟೆಗಳಿಂದ ಮೂತ್ರವಾಗದಿದ್ದರೆ, ಮಗು ಮಂಕಾಗಿ ಎಬ್ಬಿಸಿದರೂ ಏಳದಿದ್ದರೆ ಫೋನಿಗೂ ಕಾಯಬೇಕಿಲ್ಲ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೂ ಅಷ್ಟೇ. ಆಸ್ಪತ್ರೆಗೆ ಹೇಳದೆ ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಇಳಿಸಿದರೆ ಸೋಂಕಿನ ಸುಳಿವೇ ಮುಚ್ಚಿಹೋಗುತ್ತದೆ.

ಒಂದು ಮಾತು ಬಹಳ ಮುಖ್ಯ. ಮಲಬದ್ಧತೆ ಎಂದು ಗೊತ್ತಾದ ಕೂಡಲೇ ಊರಿನ ರೂಢಿಯಂತೆ ಎನಿಮಾ ಕೊಡುವುದು, ಗುದದ್ವಾರಕ್ಕೆ ಸೋಪಿನ ಚೂರು ಅಥವಾ ವೀಳ್ಯದೆಲೆಯ ತೊಟ್ಟು ಇಡುವುದು ಖಂಡಿತ ಬೇಡ. ಬಿಳಿ ರಕ್ತಕಣವೂ ಪ್ಲೇಟ್‌ಲೆಟ್ಟೂ ಕಡಿಮೆಯಿರುವ ಮಗುವಿಗೆ ಅಲ್ಲಿ ಒಂದು ಸಣ್ಣ ಗೀರಾದರೂ ರಕ್ತಸ್ರಾವವಾಗಬಹುದು, ಸೋಂಕು ನೇರವಾಗಿ ರಕ್ತಕ್ಕೆ ಸೇರಬಹುದು. ಬಾಯಿಂದ ಕೊಡುವ ಸಿರಪ್ಪು, ಪುಡಿ ಇವೆ, ಯಾವುದು ಎಷ್ಟು ಎಂಬುದನ್ನು ಅವರೇ ಬರೆದುಕೊಡುತ್ತಾರೆ. ಕರುಳು ಕಟ್ಟಿದೆಯೆಂಬ ಅನುಮಾನವಿದ್ದರೆ ಅವನ್ನೂ ವೈದ್ಯರು ನೋಡಿದ ಮೇಲೆಯೇ ಕೊಡಬೇಕು.

ಉತ್ತರ 2: ಮೂಳೆ ಕ್ಯಾನ್ಸರ್ ಗೆದ್ದ ಹುಡುಗನ ಅಮ್ಮ, ದಾವಣಗೆರೆ

ತಂಗೀ, ಮೇಲೆ ಸಿಸ್ಟರ್ ಬರೆದಿರುವುದನ್ನು ಓದಿ ಮೊದಲು ಹೊರಡಿ, ಇದನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಓದಿದರೂ ಆದೀತು.

ನನ್ನ ಮಗನಿಗೆ ಹನ್ನೆರಡನೆಯ ವಯಸ್ಸಿನಲ್ಲಿ ಮೊಣಕಾಲಿನ ಮೂಳೆಯ ಕ್ಯಾನ್ಸರ್ ಆಗಿ ಮುಂಬೈಯಲ್ಲಿ ಸಿಸ್‌ಪ್ಲಾಟಿನ್ ಮತ್ತು ಡಾಕ್ಸೊರುಬಿಸಿನ್ ಕೊಟ್ಟರು. ಮೊದಲ ಸಲ ಡ್ರಿಪ್ ಮುಗಿದ ದಿನ ಅವನು ಚೆನ್ನಾಗಿಯೇ ಇದ್ದ, ನಾವು ಗೆದ್ದೆವೆಂದುಕೊಂಡೆವು. ಎರಡನೆಯ ದಿನ ಮಧ್ಯಾಹ್ನದಿಂದ ಶುರುವಾದ ವಾಂತಿ ನಾಲ್ಕನೆಯ ದಿನದವರೆಗೂ ಬಿಡಲಿಲ್ಲ. ತಡವಾಗಿ ಬರುವ ಈ ವಾಂತಿಗೆ ಬೇರೆಯೇ ಔಷಧ ಬೇಕಾಗುತ್ತದೆಂದು, ಅದನ್ನು ವಾಂತಿ ಬಂದ ಮೇಲಲ್ಲ, ಬರುವ ಮುಂಚೆಯೇ ಗಡಿಯಾರ ನೋಡಿ ಕೊಡಬೇಕೆಂದು ಆಗ ನಮಗೆ ತಿಳಿದಿರಲಿಲ್ಲ. ಎರಡನೆಯ ಸುತ್ತಿನಿಂದ ನಾನೊಂದು ನೋಟ್‌ಬುಕ್ ಇಟ್ಟೆ: ಗಂಟೆ, ಏನು ತಿಂದ, ಯಾವ ಮಾತ್ರೆ, ಎಷ್ಟು ಸಲ ವಾಂತಿ. ವಾಂತಿಯಾಗದೆ ಬರೀ ವಾಕರಿಕೆಯಿದ್ದದ್ದನ್ನೂ ಬರೆದೆ. ವಾಂತಿಯನ್ನು ಎಲ್ಲರೂ ಕಾಣುತ್ತಾರೆ, ವಾಕರಿಕೆ ಮಗುವಿಗೆ ಮಾತ್ರ ಗೊತ್ತು. ಆಸ್ಪತ್ರೆಯಲ್ಲಿ ಮುಖಗಳ ಚಿತ್ರವಿರುವ ಒಂದು ಹಾಳೆ ತೋರಿಸಿ, ನಿನ್ನ ಹೊಟ್ಟೆ ಈಗ ಯಾವ ಮುಖದ ಹಾಗಿದೆ ಎಂದು ಕೇಳುತ್ತಿದ್ದರು. ಏಳು ವರ್ಷದ ಮಗು ಅದನ್ನು ಚೆನ್ನಾಗಿ ತೋರಿಸುತ್ತದೆ, ಕೇಳಿ ನೋಡಿ. ಆ ನೋಟ್‌ಬುಕ್ ನೋಡಿಯೇ ವೈದ್ಯರು ಮುಂದಿನ ಸುತ್ತಿನ ಔಷಧ ಬದಲಾಯಿಸಿದರು.

ಮೆಡಿಕಲ್ ಶಾಪಿನ ಸಿರಪ್ ವಿಷಯದಲ್ಲಿ ನನ್ನದೊಂದು ಕಹಿ ಅನುಭವವಿದೆ. ಊರಿಗೆ ಬಂದಿದ್ದಾಗ ವಾಂತಿ ಹೆಚ್ಚಾಯಿತೆಂದು ಹತ್ತಿರದ ಒಂದು ಸಣ್ಣ ದವಾಖಾನೆಗೆ ಕರೆದುಕೊಂಡು ಹೋದೆವು. ಅವರು ಮೆಟೊಕ್ಲೊಪ್ರಮೈಡ್ ಇಂಜೆಕ್ಷನ್ ಕೊಟ್ಟರು. ಮನೆಗೆ ಬಂದು ಸ್ವಲ್ಪ ಹೊತ್ತಿಗೆಲ್ಲ ಮಗನ ಕತ್ತು ಒಂದು ಕಡೆಗೆ ತಿರುಚಿಕೊಂಡು, ಕಣ್ಣುಗುಡ್ಡೆ ಮೇಲಕ್ಕೆ ಹೊರಳಿ, ನಾಲಗೆ ದಪ್ಪವಾದಂತೆ ಮಾತು ತೊದಲತೊಡಗಿತು. ನಮ್ಮ ಅಮ್ಮ ದೇವರ ಮನೆಗೆ ಓಡಿದರು. ಕ್ಯಾನ್ಸರ್ ಮಿದುಳಿಗೆ ಹೋಯಿತೆಂದು ನಾನು ಕುಸಿದು ಕುಳಿತೆ. ದೊಡ್ಡ ಆಸ್ಪತ್ರೆಯಲ್ಲಿ ಅದರ ಪರಿಣಾಮವನ್ನು ಮುರಿಯುವ ಔಷಧ ಕೊಟ್ಟ ಮೇಲೆ ಸರಿಹೋಯಿತು. ಆ ಜಾತಿಯ ಔಷಧ ಮಕ್ಕಳಲ್ಲಿ ಹೀಗೆ ಮಾಡುವುದು ಅಪರೂಪವೇನಲ್ಲವಂತೆ. ಕೀಮೋ ಮಗುವಿಗೆ ಯಾರು ಏನೇ ಕೊಟ್ಟರೂ ಮೊದಲು ನಿಮ್ಮ ವಾರ್ಡಿಗೆ ಫೋನು ಮಾಡಿ ಹೆಸರು ಓದಿ ಹೇಳಿ.

ಊಟದ ಬಗ್ಗೆ ಹೇಳಬೇಕಾದದ್ದು ಬಹಳವಿದೆ. ನಾನು ಮಾಡಿದ ದೊಡ್ಡ ತಪ್ಪು, ಕೀಮೋ ದಿನ ಮಗ ಖುಷಿಯಾಗಿರಲಿ ಎಂದು ಅವನಿಗೆ ಬಹಳ ಇಷ್ಟವಾದ ಮಸಾಲೆ ದೋಸೆ ಕೊಡಿಸಿದ್ದು. ಆ ರಾತ್ರಿಯೆಲ್ಲ ವಾಂತಿಯಾಯಿತು. ದಾವಣಗೆರೆಯ ಹುಡುಗ, ಬೆಣ್ಣೆ ದೋಸೆಯ ಊರಿನವನು, ಆಮೇಲೆ ಎರಡು ವರ್ಷ ದೋಸೆಯ ವಾಸನೆ ಬಂದರೆ ಎದ್ದು ಹೋಗುತ್ತಿದ್ದ. ಇದಕ್ಕೆ ಹೆಸರೇ ಇದೆಯೆಂದು ಆಮೇಲೆ ತಿಳಿಯಿತು. ಅಮೆರಿಕದ ಸಿಯಾಟಲ್‌ನಲ್ಲಿ ಐಲೀನ್ ಬರ್ನ್‌ಸ್ಟೈನ್ ಎಂಬ ವಿಜ್ಞಾನಿ ಕೀಮೋಗೆ ಮುಂಚೆ ಮಕ್ಕಳಿಗೆ ಹೊಸ ರುಚಿಯ ಐಸ್‌ಕ್ರೀಮ್ ಕೊಟ್ಟು, ಕೆಲವು ವಾರಗಳ ನಂತರ ಅದೇ ಐಸ್‌ಕ್ರೀಮನ್ನು ಅವರು ದೂರ ತಳ್ಳುವುದನ್ನು 1978ರಲ್ಲೇ ತೋರಿಸಿದ್ದರಂತೆ. ವಾಂತಿ ಬಂದದ್ದು ಔಷಧದಿಂದ ಎಂದು ಮಗುವಿಗೆ ತಿಳಿದಿದ್ದರೂ ಹೊಟ್ಟೆ ಮಾತ್ರ ಕೊನೆಗೆ ತಿಂದದ್ದರ ಮೇಲೆ ಮುನಿಸು ಇಟ್ಟುಕೊಳ್ಳುತ್ತದೆ. ಆದ್ದರಿಂದ ಮಗುವಿಗೆ ಯಾವುದು ಪ್ರಾಣವೋ ಅದನ್ನು ಒಳ್ಳೆಯ ದಿನಗಳಿಗೆ ಇಡಿ. ಕೀಮೋ ದಿನ ಸಪ್ಪೆಯಾದದ್ದು, ಮುಂದೆ ಬೇಡವೆಂದರೂ ನಷ್ಟವಿಲ್ಲದ್ದು ಸಾಕು.

ನಮಗೆ ಒಗ್ಗಿದ್ದು ತಣ್ಣಗಾದ ಊಟ. ಬಿಸಿ ಅನ್ನದ ಹಬೆ, ಅದಕ್ಕಿಂತ ಹೆಚ್ಚಾಗಿ ಸಾಸಿವೆ ಇಂಗಿನ ಒಗ್ಗರಣೆಯ ಘಾಟು, ಅವನಿಗೆ ಆಗುತ್ತಲೇ ಇರಲಿಲ್ಲ. ನೀವು ಒಂದೇ ಕೋಣೆಯಲ್ಲಿದ್ದೀರಿ, ಸ್ಟೌ ಮಗುವಿನ ಹಾಸಿಗೆಯ ಪಕ್ಕದಲ್ಲೇ ಇರುತ್ತದೆ. ಅಡುಗೆಯ ಹೊತ್ತಿಗೆ ಅತ್ತೆಯವರು ಮಗುವನ್ನು ಹೊರಗಿನ ಜಗಲಿಗೋ ಮೆಟ್ಟಿಲಿಗೋ ಕರೆದುಕೊಂಡು ಹೋದರೆ ಅರ್ಧ ಕಷ್ಟ ಕಡಿಮೆಯಾಗುತ್ತದೆ. ಉಗುರುಬೆಚ್ಚಗಿನ ಅಕ್ಕಿ ಗಂಜಿ, ಆ ಹೊತ್ತಿಗೆ ಬೇಯಿಸಿದ ಇಡ್ಲಿ, ತೆಳುವಾದ ರಾಗಿ ಗಂಜಿ, ಬ್ರೆಡ್ ಟೋಸ್ಟು, ಸಿಪ್ಪೆ ಸುಲಿದು ಕೊಡುವ ಬಾಳೆಹಣ್ಣು, ಇವುಗಳಲ್ಲಿ ಯಾವುದಾದರೂ ಎರಡು ಚಮಚ ಹೋದರೆ ಆ ಹೊತ್ತಿಗೆ ಅದೇ ಊಟ. ವಾಂತಿಯಾದ ಕೂಡಲೇ ತಟ್ಟೆ ಹಿಡಿದು ಕೂರಬೇಡಿ. ಅರ್ಧ ಗಂಟೆ ಬಿಟ್ಟು ಒಆರ್‌ಎಸ್ ನೀರನ್ನು ಐದು ನಿಮಿಷಕ್ಕೊಂದು ಚಮಚದಂತೆ ಶುರು ಮಾಡಿ. ಲೋಟದಲ್ಲಿ ಕೊಟ್ಟರೆ ಬಾಯಾರಿಕೆಗೆ ಗಟಗಟನೆ ಕುಡಿದು ಮತ್ತೆ ಕಕ್ಕುತ್ತಾರೆ. ರಕ್ತಕಣ ಕಡಿಮೆಯಿರುವಾಗ ಕೋಸಂಬರಿ, ಹಸಿ ಕೊತ್ತಂಬರಿ ಉದುರಿಸಿದ್ದು, ರಸ್ತೆ ಬದಿಯ ಕಬ್ಬಿನ ಹಾಲು ಬೇಡ. ಎಳನೀರಿನ ಬಗ್ಗೆ ಒಂದೊಂದು ಆಸ್ಪತ್ರೆ ಒಂದೊಂದು ರೀತಿ ಹೇಳುತ್ತದೆ, ನಿಮ್ಮವರನ್ನೇ ಕೇಳಿ. ಇದೆಲ್ಲ ವೈದ್ಯರು ನೋಡಿ ಬಾಯಿಗೆ ಕೊಡಬಹುದು ಎಂದ ಮೇಲೆ.

ಬೈಯುವುದಾಗಲಿ, ಒಂದು ತುತ್ತು ತಿಂದರೆ ಮೊಬೈಲ್ ಎಂದು ಆಸೆ ಹಚ್ಚುವುದಾಗಲಿ ನಾನು ಮಾಡದೆ ಇರಲಿಲ್ಲ. ಅದರಿಂದ ಒಂದು ತುತ್ತೂ ಹೆಚ್ಚು ಹೋಗಲಿಲ್ಲ.

ಉತ್ತರ 3: ಮಕ್ಕಳ ಕ್ಯಾನ್ಸರ್ ವೈದ್ಯ, ಹುಬ್ಬಳ್ಳಿ ಮೂಲದವನು

ಮೇಲಿನ ಇಬ್ಬರೂ ಹೇಳಿರುವುದನ್ನು ಅನುಮೋದಿಸುತ್ತೇನೆ. ಮಗುವನ್ನು ನೋಡದೆ ನಾನು ಔಷಧದ ಪ್ರಮಾಣ ಹೇಳುವುದಿಲ್ಲ. ಆದರೆ ಸೋಮವಾರವೋ ಇಂದೋ ನಿಮ್ಮ ವೈದ್ಯರ ಮುಂದೆ ಕುಳಿತಾಗ ಅವರ ಮಾತು ಅರ್ಥವಾಗುವುದಕ್ಕೆ ಕೆಲವು ಸಂಗತಿ ತಿಳಿದಿದ್ದರೆ ಒಳ್ಳೆಯದು.

ಕೀಮೋ ಔಷಧಗಳಲ್ಲಿ ಕೆಲವು ಸಣ್ಣ ಕರುಳಿನ ಒಳಪದರದ ವಿಶೇಷ ಕೋಶಗಳನ್ನು ಘಾಸಿಗೊಳಿಸಿ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹೊರಹಾಕಿಸುತ್ತವೆ. ಅದು ವೇಗಸ್ ನರದ ಮೂಲಕ ಮಿದುಳಿನ ಬುಡದಲ್ಲಿರುವ ವಾಂತಿ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ. ಮೊದಲ 24 ಗಂಟೆಯ ವಾಂತಿಯಲ್ಲಿ ಇದರ ಪಾಲೇ ದೊಡ್ಡದು. ಒಂಡಾನ್ಸೆಟ್ರಾನ್, ಗ್ರಾನಿಸೆಟ್ರಾನ್, ಪಾಲೊನೊಸೆಟ್ರಾನ್ ತಡೆಯುವುದು ಈ ಸುದ್ದಿಯನ್ನು. ಒಂಡಾನ್ಸೆಟ್ರಾನ್ ಬಳಕೆಗೆ ಬಂದದ್ದು 1990ರ ಆಸುಪಾಸಿನಲ್ಲಿ. ಅದಕ್ಕೆ ಮುಂಚೆ ಸಿಸ್‌ಪ್ಲಾಟಿನ್ ಪಡೆದ ಮಕ್ಕಳ ಪಾಡು ಏನಿತ್ತೆಂಬುದನ್ನು ನನ್ನ ಗುರುಗಳ ಬಾಯಿಂದ ಕೇಳಿದ್ದೇನೆ. ಒಂದು ದಿನ ಕಳೆದ ಮೇಲೆ ಬರುವ ವಾಂತಿಯಲ್ಲಿ ಸಬ್‌ಸ್ಟನ್ಸ್ ಪಿ ಎಂಬ ಇನ್ನೊಂದು ರಾಸಾಯನಿಕದ ಪಾತ್ರ ಹೆಚ್ಚು. ಅದನ್ನು ತಡೆಯಲು ಅಪ್ರೆಪಿಟಂಟ್ ಇದೆ, ಆರು ತಿಂಗಳು ದಾಟಿದ ಮಕ್ಕಳಿಗೂ ಕೊಡಬಹುದು. ದಾವಣಗೆರೆಯ ತಾಯಿಯವರು ಕಂಡ ಎರಡನೆಯ ದಿನದ ವಾಂತಿ ಇದೇ.

ಯಾವ ಮಗುವಿಗೆ ಎಷ್ಟು ತಡೆಗಟ್ಟು ಔಷಧ ಎಂಬುದು ಮಗುವಿನ ಸಹನೆಯ ಮೇಲಲ್ಲ, ಆ ದಿನದ ಕೀಮೋ ಯಾವುದೆಂಬುದರ ಮೇಲೆ ನಿರ್ಧಾರವಾಗುತ್ತದೆ. ತಡೆ ಔಷಧ ಕೊಡದಿದ್ದರೆ ಶೇಕಡಾ 90ಕ್ಕೂ ಹೆಚ್ಚು ರೋಗಿಗಳಿಗೆ ವಾಂತಿ ತರಿಸುವ ಔಷಧಗಳನ್ನು ಮೇಲಿನ ವರ್ಗಕ್ಕೆ, 30ರಿಂದ 90ರವರೆಗಿನವನ್ನು ಮಧ್ಯಮಕ್ಕೆ, 10ರಿಂದ 30ರವರೆಗಿನವನ್ನು ಕೆಳಗಿನದಕ್ಕೆ ಸೇರಿಸಿ, 10ಕ್ಕಿಂತ ಕಡಿಮೆಯಿರುವುದನ್ನು ಅತ್ಯಲ್ಪ ಎನ್ನುತ್ತಾರೆ. ಸಿಸ್‌ಪ್ಲಾಟಿನ್ ಮೊದಲನೆಯದು, ವಿನ್‌ಕ್ರಿಸ್ಟಿನ್ ಕೊನೆಯದು. ಮೇಲಿನ ವರ್ಗಕ್ಕೆ ಒಂಡಾನ್ಸೆಟ್ರಾನ್ ಜಾತಿಯ ಔಷಧ, ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್, ಅಪ್ರೆಪಿಟಂಟ್ ಮೂರನ್ನೂ ಸೇರಿಸುವುದು, ಮಧ್ಯಮಕ್ಕೆ ಮೊದಲೆರಡು, ಕೆಳಗಿನದಕ್ಕೆ ಒಂದು, ಅತ್ಯಲ್ಪಕ್ಕೆ ಏನೂ ಇಲ್ಲ, ಇದು ಸ್ಥೂಲವಾದ ಪದ್ಧತಿ. ಹಾಗೆ ನೋಡಿದರೆ ನಿಮ್ಮ ಮಗಳಿಗೆ ವಿನ್‌ಕ್ರಿಸ್ಟಿನ್ ವಾರದಲ್ಲಿ ಒಂಡಾನ್ಸೆಟ್ರಾನ್ ಬೇಕಿರಲಿಲ್ಲ. ನಿಮ್ಮ ತಪ್ಪೇನೂ ಇಲ್ಲ. ಶುರು ಮಾಡಿ ಎಂದು ಬರೆದವರು ಯಾವ ದಿನ ನಿಲ್ಲಿಸಬೇಕೆಂದೂ ಬರೆಯಬೇಕಿತ್ತು.

ಒಂದು ಎಚ್ಚರಿಕೆ. ಬೇರೆ ಮಗುವಿಗೆ ಡೆಕ್ಸಾಮೆಥಸೋನ್‌ನಿಂದ ಗುಣ ಕಂಡಿತೆಂದು ನಿಮ್ಮ ಮಗಳಿಗೂ ಕೇಳಬೇಡಿ. ಎಎಲ್‌ಎಲ್‌ನಲ್ಲಿ ಸ್ಟೀರಾಯ್ಡ್ ಸ್ವತಃ ಚಿಕಿತ್ಸೆಯ ಭಾಗ, ಯಾವ ಹಂತದಲ್ಲಿ ಎಷ್ಟು ಎಂಬ ಲೆಕ್ಕವಿರುತ್ತದೆ. ಸೋಂಕಿನ ಅಪಾಯವೂ ಇದೆ. ಹತೋಟಿಗೆ ಬಾರದ ವಾಂತಿಗೆ ಓಲಾಂಜಪಿನ್ ಎಂಬ ಔಷಧ ಈಗ ಮಕ್ಕಳಲ್ಲೂ ಬಳಕೆಯಲ್ಲಿದೆ. ದೆಹಲಿಯ ಏಮ್ಸ್‌ನಲ್ಲಿ 5ರಿಂದ 18 ವರ್ಷದವರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ಔಷಧಗಳ ಜೊತೆಗೆ ಇದನ್ನೂ ಸೇರಿಸಿದಾಗ ವಾಂತಿ ಇನ್ನಷ್ಟು ಕಡಿಮೆಯಾಯಿತು, ನಿದ್ದೆಯ ಮಂಪರು ಮಾತ್ರ ಹೆಚ್ಚಾಗಿ ಕಂಡುಬಂತು. ಅದು ಮಾನಸಿಕ ಕಾಯಿಲೆಯ ಮಾತ್ರೆಯೆಂದು ಔಷಧದ ಚೀಟಿಯಲ್ಲಿ ಓದಿ ಹೆದರಿ ನಿಲ್ಲಿಸಿದ ಪೋಷಕರನ್ನು ಕಂಡಿದ್ದೇನೆ, ಅದಕ್ಕಾಗಿ ಹೇಳಿದೆ. ಮೆಟೊಕ್ಲೊಪ್ರಮೈಡ್ ಬಗ್ಗೆ ಮೇಲೆ ಬರೆದದ್ದು ನಿಜ. ಯುರೋಪಿನ ಔಷಧ ನಿಯಂತ್ರಕರು 2013ರಲ್ಲಿ ಒಂದು ವರ್ಷದೊಳಗಿನ ಶಿಶುಗಳಿಗೆ ಅದನ್ನು ನಿಷೇಧಿಸಿ, ದೊಡ್ಡ ಮಕ್ಕಳಿಗೆ ಬೇರೆ ದಾರಿಯಿಲ್ಲದಾಗ ಮಾತ್ರ ಎಂದರು.

ಶುಂಠಿಯನ್ನು ನಾನು ಅಲ್ಲಗಳೆಯುವುದಿಲ್ಲ. ಏಮ್ಸ್‌ನವರೇ ಮೂಳೆ ಕ್ಯಾನ್ಸರಿನ ಮಕ್ಕಳು ಮತ್ತು ಯುವಕರಿಗೆ ಒಣಶುಂಠಿಯ ಪುಡಿಯನ್ನು ಕ್ಯಾಪ್ಸೂಲಿನಲ್ಲಿ ಕೊಟ್ಟು, ಉಪಯೋಗವಿದೆಯೆಂದು 2011ರಲ್ಲಿ ಪ್ರಕಟಿಸಿದ್ದಾರೆ. ಆದರೆ ಅದು ವಾಂತಿ ಔಷಧದ ಜೊತೆಗೆ ಕೊಟ್ಟದ್ದು, ಅದರ ಬದಲಿಗೆ ಅಲ್ಲ. ಪ್ಲೇಟ್‌ಲೆಟ್ ಕಡಿಮೆಯಿರುವಾಗ, ಬಾಯಿ ಹುಣ್ಣಾಗಿರುವಾಗ ಹಸಿ ಶುಂಠಿ ರಸ ಬೇಡ. ಕುದಿಸದ ಜೇನುತುಪ್ಪವೂ ಈಗ ಬೇಡ. ಅತ್ತೆಯವರಿಗೆ ಬೇಸರವಾಗದಂತೆ, ರಕ್ತಕಣ ಏರಿದ ಮೇಲೆ ವೈದ್ಯರನ್ನು ಕೇಳಿ ಒಣಶುಂಠಿ ಹಾಕಿ ಕುದಿಸಿದ ಕಷಾಯ ಕೊಡೋಣ ಎಂದು ಹೇಳಿ.

ಹೊರಗೆ ಬಂದ 6 ಎಂಪಿ ಮಾತ್ರೆಯನ್ನು ನೀವಾಗಿಯೇ ಮತ್ತೆ ಕೊಡಬೇಡಿ. ನುಂಗಿ ಎಷ್ಟು ನಿಮಿಷಕ್ಕೆ ವಾಂತಿಯಾಯಿತು, ಮಾತ್ರೆ ಕಣ್ಣಿಗೆ ಕಂಡಿತೋ ಎಂಬುದನ್ನು ಬರೆದಿಟ್ಟು ಕೇಳಿ. ವಾಂತಿ ಒರೆಸುವಾಗ ಕೈಗವಸು ಹಾಕಿಕೊಳ್ಳಿ, ಅದರಲ್ಲಿ ಔಷಧದ ಅಂಶವಿರುತ್ತದೆ. ಮುಂದೆ ಮೆಥೊಟ್ರೆಕ್ಸೇಟ್ ಎಂಬ ಕೀಮೋ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಅದರ ವಿಷ ಇಳಿಸಲು ಲ್ಯುಕೊವೊರಿನ್ ಕೊಡುತ್ತಾರೆ; ಆ ಮಾತ್ರೆ ವಾಂತಿಯಾದರೆ ರಾತ್ರಿಯಾದರೂ ಸರಿ, ಕೂಡಲೇ ತಿಳಿಸಬೇಕು. ಇನ್ನೊಂದು ವಿಷಯ ಅನೇಕರಿಗೆ ಗೊತ್ತಿರುವುದಿಲ್ಲ: 6 ಎಂಪಿ ತೆಗೆದುಕೊಳ್ಳುವ ಕೆಲವು ಚಿಕ್ಕ ಮಕ್ಕಳಿಗೆ ರಾತ್ರಿಯೆಲ್ಲ ಹೊಟ್ಟೆ ಖಾಲಿಯಿದ್ದಾಗ ರಕ್ತದ ಸಕ್ಕರೆ ಇಳಿದು, ಬೆಳಿಗ್ಗೆ ಎದ್ದೊಡನೆ ಮೈ ಬೆವರಿ, ಬಿಳಿಚಿಕೊಂಡು, ವಾಂತಿಯಾಗುತ್ತದೆ. ಹಾಗೆ ಪದೇ ಪದೇ ಕಂಡರೆ ಹೇಳಿ, ಮಾತ್ರೆಯ ಹೊತ್ತು ಬದಲಾಯಿಸಿದರೆ ಸರಿಹೋಗುವುದುಂಟು. ಆದರೆ ಬೆಳಗಿನ ವಾಂತಿಯ ಜೊತೆಗೆ ತಲೆನೋವು, ಎರಡೆರಡು ಕಾಣುವುದು, ಕಣ್ಣು ಮೆಳ್ಳೆಯಾದಂತೆ ಇರುವುದು ಇದ್ದರೆ ಅದು ತಲೆಯ ಒಳಗಿನ ಒತ್ತಡವಿರಬಹುದು, ತಡ ಮಾಡಬಾರದು.

ಪ್ರಶ್ನೆ ಕೇಳಿದವರಿಂದ, ಐದು ದಿನಗಳ ನಂತರ

ಸಿಸ್ಟರ್, ನಿಮ್ಮ ಪ್ರಶ್ನೆ ಓದಿದಾಗ ಲೆಕ್ಕ ಹಾಕಿದೆ, ಆರು ದಿನವಾಗಿತ್ತು. ಊಟವೇ ಇಲ್ಲ, ಇನ್ನೇನು ಬಂದೀತು ಎಂದು ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಂದೇ ಸಂಜೆ ತುರ್ತು ವಿಭಾಗಕ್ಕೆ ಹೋದೆವು. ರಕ್ತ ಪರೀಕ್ಷೆಯಲ್ಲಿ ಮೇದೋಜೀರಕ ಗ್ರಂಥಿ ಸರಿಯಾಗಿದೆಯೆಂದರು. ಹೊಟ್ಟೆಯ ಎಕ್ಸ್‌ರೇಯಲ್ಲಿ ಕರುಳಿನ ತುಂಬ ಮಲ ಕಟ್ಟಿಕೊಂಡಿತ್ತು. ಎರಡು ರಾತ್ರಿ ಡ್ರಿಪ್ ಹಾಕಿ, ಒಂಡಾನ್ಸೆಟ್ರಾನ್ ನಿಲ್ಲಿಸಿ, ಬಾಯಿಂದ ಕುಡಿಸುವ ಪುಡಿ ಕೊಟ್ಟರು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಹಗುರಾಯಿತು, ಆಮೇಲೆ ಒಂದು ಸಲವೂ ವಾಂತಿಯಾಗಿಲ್ಲ. ಈಗ ನೋಟ್‌ಬುಕ್ಕಿನಲ್ಲಿ ಮಲದ ಲೆಕ್ಕಕ್ಕೂ ಒಂದು ಸಾಲು ಎಳೆದಿದ್ದೇನೆ. ನಿಮ್ಮೆಲ್ಲರ ಉಪಕಾರ ಮರೆಯಲಾರೆ.

ಆದರೆ ಗೇಟಿನ ಬಳಿಯ ಓಕರಿಕೆ ಹಾಗೆಯೇ ಇದೆ. ಬಿಡುಗಡೆಯಾಗಿ ಹೊರಗೆ ಬರುವಾಗ ಇರಲಿಲ್ಲ, ನಿನ್ನೆ ರಕ್ತ ಪರೀಕ್ಷೆಗೆಂದು ಹೋದಾಗ ಮತ್ತೆ ಬಂತು. ಬೇಕೆಂದೇ ಮಾಡುತ್ತಾಳೆ ಎಂದು ಯಜಮಾನರು ಅನ್ನುತ್ತಾರೆ.

ಉತ್ತರ 4: ಎಎಲ್‌ಎಲ್ ಚಿಕಿತ್ಸೆ ಮುಗಿಸಿದ ಹುಡುಗಿಯ ತಂದೆ, ಶಿವಮೊಗ್ಗ

ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ, ಏಕೆಂದರೆ ಒಂದು ಕಾಲದಲ್ಲಿ ನಾನೂ ಅದನ್ನೇ ಅಂದಿದ್ದೆ. ಬೇಕೆಂದು ಮಾಡುವುದಲ್ಲ. ಮೊದಲ ಸುತ್ತುಗಳಲ್ಲಿ ವಾಂತಿ ಜೋರಾಗಿ ಆದ ಮಕ್ಕಳಿಗೆ ಆಸ್ಪತ್ರೆಯ ನೋಟ, ಸ್ಪಿರಿಟ್ಟಿನ ವಾಸನೆ, ಆ ಬಣ್ಣದ ಕುರ್ಚಿ, ಏನು ಬೇಕಾದರೂ ಸಾಕು. ನಮ್ಮವಳಿಗೆ ಔಷಧ ಹಾಕಲೆಂದು ಚರ್ಮದಡಿ ಇಟ್ಟಿದ್ದ ಕೀಮೋ ಪೋರ್ಟಿಗೆ ಸಲೈನ್ ಹಾಕಿ ತೊಳೆಯುವಾಗ ಬಾಯಿಗೆ ಬರುತ್ತಿದ್ದ ಒಂದು ಥರದ ರುಚಿಯೇ ಸಾಕಾಗುತ್ತಿತ್ತು. ಅದು ಸಿರಿಂಜು ಹಾಕುವ ಮುಂಚೆ ಬಾಯಲ್ಲಿ ಒಂದು ಪೆಪ್ಪರ್‌ಮಿಂಟ್ ಇಟ್ಟ ಮೇಲೆ ಎಷ್ಟೋ ಕಡಿಮೆಯಾಯಿತು. ನಾವು ಆಸ್ಪತ್ರೆಗೆ ಹಿಂದಿನ ಗೇಟಿನಿಂದ ಹೋಗಲು ಶುರು ಮಾಡಿದೆವು, ಆಟೋದಲ್ಲಿ ಹೆಡ್‌ಫೋನ್ ಹಾಕಿ ಅವಳ ಕಥೆ ಕೇಳಿಸುತ್ತಿದ್ದೆವು, ನಾನು ಕೈಗೆ ಹಚ್ಚಿಕೊಳ್ಳುತ್ತಿದ್ದ ಸ್ಯಾನಿಟೈಸರ್ ಬದಲಾಯಿಸಿ ವಾಸನೆಯಿಲ್ಲದ ಸೋಪು ತಂದೆವು. ಅದರಿಂದಲೂ ಹೋಗದಿದ್ದಾಗ ವೈದ್ಯರು ಹಿಂದಿನ ರಾತ್ರಿ ಕೊಡಲು ಆತಂಕ ಇಳಿಸುವ ಲೊರಾಜೆಪಾಮ್‌ನ ಸಣ್ಣ ಪ್ರಮಾಣ ಬರೆದುಕೊಟ್ಟರು, ನಾಲ್ಕೈದು ಭೇಟಿಗಳ ಮಟ್ಟಿಗೆ ಅದೂ ಬೇಕಾಯಿತು. ಇದನ್ನು ಮಗುವಿನ ಮುಂದೆ ಮತ್ತೆ ಮತ್ತೆ ಮಾತಾಡಬೇಡಿ. ಇವತ್ತು ವಾಂತಿ ಬರುತ್ತಾ ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದವನು ನಾನೇ.

ಉತ್ತರ 5: ಮಂಗಳೂರಿನ ನರ್ಸ್

ಆರು ದಿನ! ಅಂದೇ ಹೋದದ್ದು ಒಳ್ಳೆಯದಾಯಿತು. ಮುಂದಿನ ವಿನ್‌ಕ್ರಿಸ್ಟಿನ್ ಹೊತ್ತಿಗೆ ಆ ಪುಡಿಯನ್ನು ಮೊದಲ ದಿನದಿಂದಲೇ ಶುರು ಮಾಡಬೇಕೇ ಎಂದು ಕೇಳಿಟ್ಟುಕೊಳ್ಳಿ.

ಶಿವಮೊಗ್ಗದ ಸರ್ ಹೇಳಿದ ಪೆಪ್ಪರ್‌ಮಿಂಟ್ ಉಪಾಯ ನಮ್ಮ ವಾರ್ಡಿನಲ್ಲೂ ಇದೆ, ಆದರೆ ಎರಡು ಮಾತು ಸೇರಿಸಬೇಕು. ಲೊರಾಜೆಪಾಮ್ ಕೊಟ್ಟು ಮಂಪರಿನಲ್ಲಿರುವ ಮಗುವಿನ ಬಾಯಲ್ಲಿ ಗಟ್ಟಿ ಮಿಠಾಯಿ ಇಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಬೆನ್ನಿಗೆ ಸೂಜಿ ಹಾಕುವ ದಿನ ಮಂಪರು ಬರಿಸುವ ಔಷಧ ಕೊಡುವುದರಿಂದ ಹೊಟ್ಟೆ ಖಾಲಿಯಿರಬೇಕು. ಖಾಲಿ ಎಂದರೆ ಪೆಪ್ಪರ್‌ಮಿಂಟೂ ಬೇಡ. ಅತ್ತೆಯವರಿಗೂ ಹೇಳಿಡಿ, ಅಜ್ಜಿಯರ ಸೆರಗಿನ ಗಂಟಿನಲ್ಲಿ ಅದು ಯಾವಾಗಲೂ ಒಂದು ಇರುತ್ತದೆ.